ಪದಚರ್ಚೆ: ‘ನೋಂದಣಿ’ ಎರಡು ಸಲ ಬಂದರೆ ಓದುವವರಿಗೆ ಏನು ಅರ್ಥವಾಗುತ್ತೆ?

ಗೆಳೆಯರೆ, ನಮಸ್ಕಾರ.

ಸುರಂಗ ಕೊರೆಯುವ ಇಟಲಿಯ ಕಂಪನಿಯೊಂದು ಬೆಂಗಳೂರಿನಲ್ಲಿ ಕಚೇರಿ ತೆರೆಯುತ್ತಿದೆ. ಬೋರ್ಡಿನ ಕನ್ನಡ ಮತ್ತು ಇಲ್ಲಿನ ಸಿಬ್ಬಂದಿಗೆ ಹಂಚುವ ಎರಡು ಪುಟದ ಮಾಹಿತಿ ನನ್ನ ಪಾಲಿಗೆ ಬಂದಿವೆ. ಹೊರದೇಶದ ಕಟ್ಟಡ ಕಂಪನಿ ಇಲ್ಲಿ ಕೆಲಸ ಮಾಡಲು ಏನೇನು ಕಾಗದಪತ್ರ ಬೇಕು ಅನ್ನುವುದೇ ಅದರ ವಿಷಯ. ಮೂರು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದೇ ದೊಡ್ಡದು. ಕರಡಿನಲ್ಲಿ ಹೀಗಿದೆ: “ಇಟಲಿಯಲ್ಲಿ ನೋಂದಣಿಯಾದ ಕಂಪನಿಯು ಭಾರತದಲ್ಲಿ ನೋಂದಣಿ ಮಾಡಿಸಬೇಕು.” ಓದಿದವರು ಕೇಳುತ್ತಾರೆ: ಒಂದು ಸಲ ಆಗಿದೆಯಲ್ಲ, ಮತ್ತೆ ಯಾಕೆ? ಕಾನೂನಿನಲ್ಲಿ ಇವೆರಡೂ ಬೇರೆ. ಮೊದಲನೆಯದು ಕಂಪನಿ ಹುಟ್ಟುವುದು. ಎರಡನೆಯದು, ಹುಟ್ಟಿದ ಕಂಪನಿ ಇನ್ನೊಂದು ದೇಶಕ್ಕೆ ಬಂದು ತನ್ನ ವಿವರ ಒಪ್ಪಿಸುವುದು. ಎರಡನೆಯದರಿಂದ ಹೊಸ ಕಂಪನಿ ಹುಟ್ಟುವುದಿಲ್ಲ. ಗುತ್ತಿಗೆಗೆ ಸಹಿ ಹಾಕುವುದೂ, ಕೇಸು ಬಿದ್ದರೆ ಕೋರ್ಟಿಗೆ ಹೋಗುವುದೂ ಅದೇ ಇಟಲಿ ಕಂಪನಿಯೇ.

2013ರ ಕಂಪನಿಗಳ ಕಾಯ್ದೆಯ 380ನೇ ಕಲಂ ಕೇಳುವುದು ಈ ಎರಡನೆಯದನ್ನು. ಇಲ್ಲಿ ವ್ಯವಹಾರದ ಜಾಗ ಮಾಡಿಕೊಂಡ 30 ದಿನದೊಳಗೆ ಎಫ್‌ಸಿ-1 ನಮೂನೆ ಕೊಡಬೇಕು. ಜೊತೆಗೆ ಕಂಪನಿಯ ಮೂಲ ದಸ್ತಾವೇಜಿನ ದೃಢೀಕೃತ ಪ್ರತಿ, ಅದು ಇಟಾಲಿಯನ್‌ನಲ್ಲಿದ್ದರೆ ಇಂಗ್ಲಿಷ್ ಅನುವಾದ, ನಿರ್ದೇಶಕರ ಪಟ್ಟಿ. ಕಂಪನಿಯ ಪರವಾಗಿ ನೋಟಿಸು ತೆಗೆದುಕೊಳ್ಳಲು ಭಾರತದಲ್ಲೇ ವಾಸವಿರುವ ಒಬ್ಬರ ಹೆಸರು, ವಿಳಾಸವೂ ಬೇಕು. ಕಚೇರಿ ಬೆಂಗಳೂರಿನಲ್ಲಿದ್ದರೂ ಇದೆಲ್ಲ ಹೋಗುವುದು ಕೇಂದ್ರ ಸರ್ಕಾರದ ‘ಸೆಂಟ್ರಲ್ ರಿಜಿಸ್ಟ್ರೇಷನ್ ಸೆಂಟರ್’ನ ರಿಜಿಸ್ಟ್ರಾರರಿಗೆ, ಕೋರಮಂಗಲದ ಕಂಪನಿ ರಿಜಿಸ್ಟ್ರಾರರಿಗಲ್ಲ.

ಹಾಗಾದರೆ ಹುಟ್ಟಿಗೆ ಯಾವ ಪದ? ಕಾನೂನಿನ ಕನ್ನಡದಲ್ಲಿ ‘ನಿಗಮಿತ’ ಇದೆ. ಆದರೆ ನಮ್ಮವರ ಕಿವಿಗೆ ನಿಗಮ ಅಂದರೆ ಸರ್ಕಾರದ್ದು. ಸಾರಿಗೆ ನಿಗಮ, ವಿದ್ಯುತ್ ನಿಗಮ. ‘ಇಟಲಿಯಲ್ಲಿ ನಿಗಮಿತವಾದ’ ಎಂದು ಬರೆದರೆ ಇಟಲಿ ಸರ್ಕಾರದ ಕಂಪನಿ ಅಂದುಕೊಳ್ಳುತ್ತಾರೆ. ಪತ್ರಿಕೆಯವರು ‘ಇಟಲಿ ಮೂಲದ’ ಅಂತ ಬರೆದು ಮುಂದೆ ಹೋಗುತ್ತಾರೆ. ಅದು ಇಲ್ಲಿ ಸಾಲದು. ಅದೇ ಕಂಪನಿ ನಾಳೆ ಇಲ್ಲೊಂದು ಪ್ರೈವೇಟ್ ಲಿಮಿಟೆಡ್ ಮಾಡಿ ಪೂರ್ತಿ ಷೇರು ತಾನೇ ಇಟ್ಟುಕೊಂಡರೂ, ಕಾನೂನಿನ ಕಣ್ಣಲ್ಲಿ ಆ ಮರಿ ಕಂಪನಿ ಭಾರತದ್ದೇ. ಅದಕ್ಕೆ ಎಫ್‌ಸಿ-1ರ ಗೊಡವೆಯೇ ಇಲ್ಲ. ಆದರೆ ‘ಇಟಲಿ ಮೂಲದ’ ಅನ್ನುವ ಮಾತು ಎರಡಕ್ಕೂ ಒಪ್ಪುತ್ತೆ, ಅಲ್ವಾ? ‘ವಿದೇಶಿ ಕಂಪನಿ’ಗೂ ಇದೇ ಪಾಡು. ಕಾಯ್ದೆ ನೋಡುವುದು ಕಂಪನಿ ಹುಟ್ಟಿದ ದೇಶವನ್ನು. ಮಾತಿನಲ್ಲಿ ನಾವು ನೋಡುವುದು ಯಜಮಾನ ಯಾರು ಅಂತ. ಸದ್ಯಕ್ಕೆ ನಾನು ‘ಇಟಲಿಯ ಕಾನೂನಿನಡಿ ಸ್ಥಾಪನೆಯಾದ’ ಎಂದು ಬರೆದು, ‘ನೋಂದಣಿ’ಯನ್ನು ಇಲ್ಲಿನ ಕೆಲಸಕ್ಕೆ ಮಾತ್ರ ಉಳಿಸಿಕೊಂಡಿದ್ದೇನೆ. ಉದ್ದವಾಯಿತು, ಗೊತ್ತು. ಇದಕ್ಕಿಂತ ಚಿಕ್ಕದು ಇದ್ದರೆ ಹೇಳಿ.

ಎರಡನೆಯದು ಕಚೇರಿಯ ಹೆಸರು. 2016ರಲ್ಲಿ ರಿಸರ್ವ್ ಬ್ಯಾಂಕ್ ತಂದ ವಿದೇಶಿ ವಿನಿಮಯದ ನಿಯಮಗಳಲ್ಲಿ ಮೂರು ಬಗೆ ಹೇಳಿದೆ: ಲಿಯೇಸಾನ್, ಬ್ರ್ಯಾಂಚ್, ಪ್ರಾಜೆಕ್ಟ್. ಮೊದಲೆರಡಕ್ಕೆ ‘ಸಂಪರ್ಕ ಕಚೇರಿ’, ‘ಶಾಖೆ’ ಸರಿಯಾಗಿ ಕೂರುತ್ತವೆ. ಸಂಪರ್ಕ ಕಚೇರಿ ಇಲ್ಲಿ ಒಂದು ರೂಪಾಯಿಯನ್ನೂ ಸಂಪಾದಿಸುವಂತಿಲ್ಲ, ಖರ್ಚಿಗೆ ಹೊರಗಿನಿಂದಲೇ ಹಣ ಬರಬೇಕು. ಹಾಗಾಗಿ ಗುತ್ತಿಗೆ ಹಿಡಿದು ಕಟ್ಟುವವರಿಗೆ ಅದು ಉಪಯೋಗವಿಲ್ಲ. ಕಟ್ಟಡದವರಿಗೆ ಬೇಕಾದದ್ದು ಮೂರನೆಯದು. ಭಾರತದ ಕಂಪನಿಯಿಂದ ಗುತ್ತಿಗೆ ಸಿಕ್ಕಿರಬೇಕು. ಹಣ ನೇರ ಹೊರಗಿನಿಂದ ಬರಬೇಕು, ಇಲ್ಲವೇ ನಮ್ಮ ಮೆಟ್ರೋಗೆ ಜಪಾನಿನ ಜೈಕಾ ಸಾಲ ಕೊಟ್ಟ ಹಾಗೆ ಅಂತರರಾಷ್ಟ್ರೀಯ ಸಂಸ್ಥೆಯ ಸಾಲ ಇರಬೇಕು. ಇನ್ನೂ ಒಂದೆರಡು ದಾರಿಗಳಿವೆ. ಇಂಥದ್ದೊಂದು ಇದ್ದರೆ ಸಾಮಾನ್ಯವಾಗಿ ರಿಸರ್ವ್ ಬ್ಯಾಂಕಿನ ಬೇರೆ ಅನುಮತಿ ಬೇಡ, ವಾಣಿಜ್ಯ ಬ್ಯಾಂಕಿನ ಮೂಲಕವೇ ಮುಗಿಯುತ್ತೆ. ಕೆಲಸ ಇರುವಷ್ಟು ದಿನ ಕಚೇರಿ.

ಇದಕ್ಕೆ ‘ಯೋಜನಾ ಕಚೇರಿ’ ಅಂದರೆ? ನನಗೆ ಹಿಡಿಸುತ್ತಿಲ್ಲ. ‘ಯೋಜನೆ’ಗೆ ಪ್ಲಾನೂ ಅರ್ಥ, ಸ್ಕೀಮೂ ಅರ್ಥ. ಯೋಜನಾ ಇಲಾಖೆ, ಯೋಜನಾ ನಿರ್ದೇಶಕರು, ಗೃಹಲಕ್ಷ್ಮಿ ಯೋಜನೆ ಎಲ್ಲ ಇದೇ ಪದದ ಮೇಲೆ ನಿಂತಿವೆ. ಬೋರ್ಡು ನೋಡಿ ಯಾರಾದರೂ ಅರ್ಜಿ ಹಿಡಿದು ಬಂದರೆ ಆಶ್ಚರ್ಯವಿಲ್ಲ. ‘ಕಾಮಗಾರಿ ಕಚೇರಿ’ ಅಂದರೆ ಲೋಕೋಪಯೋಗಿ ಇಲಾಖೆಯ ವಾಸನೆ ಬರುತ್ತೆ, ಆದರೆ ಅರ್ಥ ನೇರ. ಒಂದು ಕಾಮಗಾರಿ, ಅದಕ್ಕೊಂದು ಕಚೇರಿ. ಕೆಲಸದವರು ಮಾತ್ರ ‘ಸೈಟ್ ಆಫೀಸ್’ ಅನ್ನುತ್ತಾರೆ. ಅದು ಶೆಡ್ಡು, ಕಾನೂನಿನ ಕಚೇರಿ ಬೇರೆ ಕಟ್ಟಡದಲ್ಲೂ ಇರಬಹುದು. ನನ್ನ ಮತ ‘ಪ್ರಾಜೆಕ್ಟ್ ಕಚೇರಿ’ಗೇ. ಒಪ್ಪದವರು ವಾದ ಹೂಡಿ.

ಮೂರನೆಯದು ಬೋರ್ಡು. 382ನೇ ಕಲಂ ಇಲ್ಲಿ ಸ್ವಾರಸ್ಯವಾಗಿದೆ. ಹೊರದೇಶದ ಕಂಪನಿ ತನ್ನ ಹೆಸರು ಮತ್ತು ಸ್ಥಾಪನೆಯಾದ ದೇಶ ಯಾವುದು ಅನ್ನುವುದನ್ನು ಕಚೇರಿಯ ಹೊರಗೆ ಇಂಗ್ಲಿಷ್ ಅಕ್ಷರದಲ್ಲೂ, ಆ ಊರಿನಲ್ಲಿ ಬಳಕೆಯಲ್ಲಿರುವ ಭಾಷೆಯ ಅಕ್ಷರದಲ್ಲೂ ಹಾಕಬೇಕು. ಕೇಂದ್ರದ ಕಾಯ್ದೆ ಭಾಷೆ ಅನ್ನಲಿಲ್ಲ, ಅಕ್ಷರ ಅಂದಿದೆ ನೋಡಿ. ಅಂದರೆ ಹೆಸರನ್ನು ಅನುವಾದ ಮಾಡುವ ಹಂಗಿಲ್ಲ, ಲಿಪಿ ಬದಲಾದರೆ ಸಾಕು. ಇದಲ್ಲದೆ ಬೋರ್ಡಿನಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು ಅನ್ನುವ ರಾಜ್ಯದ 2024ರ ತಿದ್ದುಪಡಿ ಇದ್ದೇ ಇದೆ.

ತೊಡಕು ಇರುವುದು ಹೆಸರಿನ ಬಾಲದಲ್ಲಿ. ಇಟಲಿಯ ಹಲವು ಕಂಪನಿಗಳ ಹೆಸರಿನ ಕೊನೆಯಲ್ಲಿ ‘ಎಸ್.ಪಿ.ಎ.’ ಅಂತ ಇರುತ್ತೆ, ಷೇರು ಕಂಪನಿ ಅಂತ ಅರ್ಥ. ವಿನ್ಯಾಸ ಮಾಡಿದ ಹುಡುಗ ಅದನ್ನು ‘ಸ್ಪಾ’ ಅಂತ ಬರೆದು ಕಳಿಸಿದ್ದ. ಸುರಂಗ ಕೊರೆಯುವವರ ಕಚೇರಿಗೆ ಮಸಾಜ್ ಕೇಳಿಕೊಂಡು ಬರುವವರನ್ನು ತಡೆಯುವವರು ಯಾರು? ಚುಕ್ಕಿ ಇಟ್ಟು ಬಿಡಿ ಬಿಡಿಯಾಗಿ ಬರೆಸಿದ್ದೇನೆ. ‘ನಿಯಮಿತ’ ಅಂತ ಬದಲಿಸಲು ಸಲಹೆ ಬಂತು, ನಾನು ಒಪ್ಪಲಿಲ್ಲ. ‘ಬೆಂಗಳೂರು ಮೆಟ್ರೋ ರೈಲು ನಿಗಮ ನಿಯಮಿತ’ದಲ್ಲಿ ಅದು ನಮ್ಮ ಲಿಮಿಟೆಡ್. ಇಟಲಿಯವರ ಹೆಸರಿನಲ್ಲಿ ಲಿಮಿಟೆಡ್ ಇಲ್ಲವೇ ಇಲ್ಲ.

ಆದರೆ ಸದಸ್ಯರ ಹೊಣೆಗೆ ಮಿತಿ ಇದ್ದರೆ ಅದನ್ನೂ ಬೋರ್ಡಿನಲ್ಲಿ ತಿಳಿಸಬೇಕು ಅನ್ನುತ್ತೆ ಅದೇ ಕಲಂ. ಅಂದರೆ ಕಂಪನಿ ಮುಳುಗಿದರೂ ಷೇರುದಾರರು ತಮ್ಮ ಷೇರಿನ ಹಣ ಕೊಟ್ಟಾಗಿದ್ದರೆ ಅದರಾಚೆ ಕೊಡಬೇಕಿಲ್ಲ ಅಂತ. ‘ಸದಸ್ಯರ ಹೊಣೆಗಾರಿಕೆ ಸೀಮಿತ’ ಎಂದು ಬರೆದೆ. ಸುಮ್ನೆ ಓದಿದರೆ ಇವರು ಕೆಲಸಕ್ಕೆ ಜವಾಬ್ದಾರರಲ್ಲ ಅನ್ನುವ ಹಾಗೆ ಕೇಳುತ್ತೆ. ಸುರಂಗದ ಪಕ್ಕದ ಮನೆಯವರು ಓದುವ ಬೋರ್ಡಿದು. ‘ಷೇರುದಾರರ ಸಾಲದ ಹೊಣೆಗೆ ಮಿತಿ ಇದೆ’ ಅಂದರೆ ತಿಳಿಯಾಗುತ್ತೆ, ಆದರೆ ಕಾಯ್ದೆಯ ಮಾತಿನಿಂದ ಸ್ವಲ್ಪ ದೂರ ಸರಿಯುತ್ತೆ. ಕಂಪನಿ ಕಾನೂನು ಬಲ್ಲವರು ಇಲ್ಲಿದ್ದೀರಿ. ‘ಸಾಲದ’ ಅನ್ನುವ ಪದ ಸೇರಿಸಿದರೆ ತಕರಾರು ಬರುತ್ತಾ, ಇಲ್ವಾ? ಬೋರ್ಡು ಮುಂದಿನ ವಾರ ಅಚ್ಚಿಗೆ ಹೋಗುತ್ತೆ. ಅಷ್ಟರೊಳಗೆ ಒಂದು ಮಾತು ಹಾಕಿ.