ಸಹಾಯ ಬೇಕು: ಮಧುಮೇಹದಿಂದ ಅಕ್ಷಿಪಟಲ (ರೆಟಿನಾ) ಊದಿಕೊಂಡಿರುವುದಕ್ಕೆ ಚಿಕಿತ್ಸೆ

ಗುಂಪಿನ ಎಲ್ಲ ಹಿರಿಯರಿಗೂ ನಮಸ್ಕಾರ. ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವರು.

ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ನನ್ನ ತಾಯಿಯವರಿಗೆ ಪಂಚಾಂಗದ ಸಾಲುಗಳು ಅಂಕುಡೊಂಕಾಗಿ ಕಾಣತೊಡಗಿದ್ದರಿಂದ, ಪೊರೆ ಬಂದಿರಬಹುದೆಂದು ಭಾವಿಸಿ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದೆವು. ಪಾಪೆ ಹಿಗ್ಗಿಸುವ ಹನಿ ಹಾಕಿ ಪರೀಕ್ಷಿಸಿ, ಅಕ್ಷಿಪಟಲದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಕೂಡ ಮಾಡಿದ ಅವರು, ಇದು ಪೊರೆಯಲ್ಲ, ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸೋರಿ ಅದರ ಕೇಂದ್ರಭಾಗವಾದ ಮ್ಯಾಕ್ಯುಲಾ ಊದಿಕೊಂಡಿದೆ, ಕಣ್ಣಿನೊಳಗೆ ಚುಚ್ಚುಮದ್ದು ಕೊಡಬೇಕು, ಅದು ಒಂದೇ ಸಲಕ್ಕೆ ಮುಗಿಯುವುದಿಲ್ಲ ಎಂದಿದ್ದಾರೆ. ಕಣ್ಣಿಗೆ ಸೂಜಿ ಎಂದೊಡನೆ ಅಮ್ಮ ಹೆದರಿದ್ದಾರೆ. ಮರಗಟ್ಟಿಸುವ ಹನಿ ಹಾಕಿಯೇ ಕೊಡುತ್ತಾರೆಂದರೂ ನಂಬುತ್ತಿಲ್ಲ.

ಅಕ್ಷಿಪಟಲದ ತಜ್ಞರು ಕಾಸರಗೋಡಿನಲ್ಲೇ ನಿಯಮಿತವಾಗಿ ಸಿಗುತ್ತಾರೆಯೇ ಅಥವಾ ಪ್ರತಿ ಸಲವೂ ಮಂಗಳೂರಿಗೇ ಹೋಗಬೇಕೇ, ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು ಈ ಚುಚ್ಚುಮದ್ದಿಗೆ ಅನ್ವಯಿಸುತ್ತದೆಯೇ ಎಂಬುದನ್ನು ತಿಳಿದವರು ತಿಳಿಸಬೇಕಾಗಿ ವಿನಂತಿ. ಈ ಚುಚ್ಚುಮದ್ದಿಗೆ ಬಳಸುವ ಔಷಧಗಳಾದ ಬೆವಾಸಿಜುಮ್ಯಾಬ್‌ಗೂ ರಾನಿಬಿಜುಮ್ಯಾಬ್‌ಗೂ ಬೆಲೆಯಲ್ಲಿ ಬಹಳ ಅಂತರವಿರುವುದರಿಂದ, ನಿಮಗೆ ಯಾವುದನ್ನು ಕೊಟ್ಟರು, ಒಟ್ಟು ಎಷ್ಟು ಖರ್ಚಾಯಿತು ಎಂಬುದನ್ನೂ ಬರೆದರೆ ಅನುಕೂಲ. ಕಣ್ಣಿಗೆ ಜೇನು ಬಿಡುವಂತಹ ಸಲಹೆಗಳು ದಯವಿಟ್ಟು ಬೇಡ. ಈ ಚಿಕಿತ್ಸೆ ಪಡೆದ ಹಿರಿಯರು ಯಾರಾದರೂ ಅಮ್ಮನೊಡನೆ ಫೋನಿನಲ್ಲಿ ಕನ್ನಡದಲ್ಲಿ ಮಾತನಾಡಲು ಒಪ್ಪಿದರೆ ದೊಡ್ಡ ಉಪಕಾರವಾಗುತ್ತದೆ.