ಪ್ಯಾಸಿವೇಷನ್ ನಂತರ ಸತು ಲೇಪನದ ಅಂಚು ಕಪ್ಪಾಗುವುದೇಕೆ?

ಪ್ರಶ್ನೆ:
ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಪ್ಲೇಟಿಂಗ್ ಘಟಕವಿದೆ. ಸತು ಲೇಪಿಸುವ ಆಮ್ಲೀಯ ಕ್ಲೋರೈಡ್ ತೊಟ್ಟಿಯಿಂದ ಹೊರತೆಗೆದಾಗ ಉಕ್ಕಿನ ಬ್ರಾಕೆಟ್‌ಗಳು ಚೆನ್ನಾಗಿಯೇ ಹೊಳೆಯುತ್ತವೆಯಾದರೂ, ಪ್ಯಾಸಿವೇಷನ್‌ಗೆ (ಸತುವಿನ ಮೇಲೆ ತೆಳು ರಕ್ಷಣಾ ಪದರ ಕೂರಿಸುವ ದ್ರಾವಣಕ್ಕೆ) ಅದ್ದಿದ ಕೂಡಲೇ ಅಂಚುಗಳು ಕಪ್ಪಾಗುತ್ತವೆ. ಬ್ರೈಟ್ನರ್ (ಹೊಳಪು ಕೊಡುವ ರಾಸಾಯನಿಕ) ಹೆಚ್ಚಿಸಿ ನೋಡಿದೆವು, ಫಲ ಸಿಗಲಿಲ್ಲ. ಮರುಲೇಪನಕ್ಕೆ ಹಿಂದಿರುಗುವ ಮಾಲು ಹೆಚ್ಚುತ್ತಲೇ ಇದೆ. ಎಲ್ಲಿಂದ ಹುಡುಕಬೇಕು?

ಉತ್ತರ 1:
ನೀವು ಹೇಳುವ ಲಕ್ಷಣ ದ್ರಾವಣದಲ್ಲಿ ಕಬ್ಬಿಣ ಸೇರಿರುವುದನ್ನು ಸೂಚಿಸುತ್ತದೆ. ವಿದ್ಯುತ್ ಸಾಂದ್ರತೆ ಹೆಚ್ಚಿರುವ ಅಂಚುಗಳಲ್ಲಿ ಸತುವಿನೊಂದಿಗೆ ಅದೂ ಕೂತು, ಪ್ಯಾಸಿವೇಷನ್‌ನಲ್ಲಿ ಕಪ್ಪಾಗಿ ಕಾಣಿಸಿಕೊಳ್ಳುತ್ತದೆ. ತೊಟ್ಟಿಗೆ ಏನನ್ನೂ ಸುರಿಯುವ ಮೊದಲು 267 ಮಿ.ಲೀ. ಹಲ್ ಸೆಲ್‌ನಲ್ಲಿ (ತೊಟ್ಟಿಯ ದ್ರಾವಣ ಪರೀಕ್ಷಿಸುವ ಪುಟ್ಟ ಲೇಪನ ಪಾತ್ರೆ) ಒಂದು ತಗಡು ಲೇಪಿಸಿ, ಅದನ್ನೂ ಪ್ಯಾಸಿವೇಟ್ ಮಾಡಿ ನೋಡಿ. ಕಬ್ಬಿಣವೆಂದು ಖಚಿತವಾದರೆ, ತೆಳುಗೊಳಿಸಿದ ಹೈಡ್ರೋಜನ್ ಪೆರಾಕ್ಸೈಡನ್ನು ಕಲಕುತ್ತಾ ನಿಧಾನವಾಗಿ ಸೇರಿಸಿ. ಕಬ್ಬಿಣವು ತುಕ್ಕುಬಣ್ಣದ ಗಸಿಯಾದ ಮೇಲೆ ಫಿಲ್ಟರ್ ಮಾಡಿ. ಪೆರಾಕ್ಸೈಡ್ ಅತಿಯಾದರೆ ಬ್ರೈಟ್ನರ್ ಕೂಡ ಹಾಳಾಗುತ್ತದೆ.

ಉತ್ತರ 2:
ಮೇಲಿನ ಸಲಹೆ ಸರಿ, ಆದರೆ ಕಬ್ಬಿಣ ಬರುವ ದಾರಿಯನ್ನು ಮುಚ್ಚದಿದ್ದರೆ ತಿಂಗಳಲ್ಲಿ ಇದೇ ಪ್ರಶ್ನೆ ಮತ್ತೆ ಕೇಳುತ್ತೀರಿ. ತೊಟ್ಟಿಗೆ ಬಿದ್ದ ಉಕ್ಕಿನ ಮಾಲು ಅಲ್ಲೇ ಕರಗುತ್ತದೆ; ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ತೊಟ್ಟಿಯ ತಳದಲ್ಲಿ ಎಳೆದು ನೋಡಿ. ನಮ್ಮಲ್ಲಿ ಹಾಗೆ ಎಳೆದಾಗ ಅರ್ಧ ಬಕೆಟ್ ಬೋಲ್ಟ್, ವಾಷರ್ ಸಿಕ್ಕಿದ್ದವು, ಕೆಲವು ಕೊಳೆತ ಹಲ್ಲಿನಂತೆ ಸವೆದಿದ್ದವು. ಆಮ್ಲದ ಪಿಕ್ಲಿಂಗ್ (ತುಕ್ಕು ತೆಗೆಯಲು ಆಮ್ಲದಲ್ಲಿ ಅದ್ದುವುದು) ನಂತರ ಒಂದೇ ನೀರಿನಲ್ಲಿ ತೊಳೆಯುತ್ತಿದ್ದರೆ, ಕಬ್ಬಿಣ ಕರಗಿದ ಆಮ್ಲ ಮಾಲಿನೊಂದಿಗೆ ಬರದಂತೆ ತೊಳೆಯಲು ಎರಡನೆಯ ತೊಟ್ಟಿ ಸೇರಿಸಿ, ನೀರು ಮಾಲಿನ ಚಲನೆಗೆ ಎದುರಾಗಿ ಹರಿಯಲಿ.

ಪ್ರಶ್ನೆ ಕೇಳಿದವರು:
ಅಯಸ್ಕಾಂತಕ್ಕೆ ಹನ್ನೊಂದು ಬ್ರಾಕೆಟ್‌ಗಳು ಅಂಟಿಕೊಂಡು ಬಂದವು. ಹಲ್ ಸೆಲ್ ತಗಡೂ ಅಂಚಿನ ಕಡೆಯೇ ಕಪ್ಪಾಗಿದೆ. ನಾಳೆ ಪೆರಾಕ್ಸೈಡ್ ಪ್ರಯೋಗವನ್ನು ಮೊದಲು ಒಂದು ಲೀಟರ್ ದ್ರಾವಣದಲ್ಲಿ ಮಾಡುತ್ತೇವೆ.