ಸಹಾಯ ಬೇಕು: ತಾಯಿ, ಮಗ ಒಟ್ಟಿಗೆ ಇರಬಹುದಾದ ರಾತ್ರಿ ತಂಗುದಾಣ

ಮಲ್ಲೇಶ್ವರದ ನಮ್ಮ ಬೀದಿಯಲ್ಲಿ, ಅಂಗಡಿಯೊಂದರ ಜಗಲಿಯ ಮೇಲೆ ಒಬ್ಬ ಅಜ್ಜಿ, ಅವರ ಮಗ ಮಲಗುತ್ತಾರೆ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಕಂಬಳಿ ಮಡಚಿ ಗೋಣಿಚೀಲಕ್ಕೆ ತುಂಬಿ, ಜಗಲಿ ಗುಡಿಸಿಟ್ಟು ಹೋಗುತ್ತಾರೆ. ಈಗೀಗ ಮಾತಿಗೆ ಸಿಗುತ್ತಿದ್ದಾರೆ, ರಾಯಚೂರಿನ ಕಡೆಯವರಂತೆ. ಮೊದಲೆಲ್ಲ ನನ್ನನ್ನು ಕಂಡರೆ ಎದ್ದು ಹೋಗುತ್ತಿದ್ದರು, ಭಿಕ್ಷುಕರನ್ನು ಹಿಡಿದು ಇರಿಸುವ ನಿರಾಶ್ರಿತರ ಕೇಂದ್ರದ ವ್ಯಾನಿಗೆ ಹಿಡಿದುಕೊಡಲು ಬಂದವನೆಂದು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಭಯ ಅದು. ಇವರೋ ಹೂ ಕಟ್ಟಿ ದುಡಿದು ತಿನ್ನುವವರು!

ದೊಡ್ಡ ನಗರಗಳಲ್ಲಿ ಲಕ್ಷ ಜನಕ್ಕೊಂದು ತಂಗುದಾಣ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಇಬ್ಬರನ್ನೂ ಬೇರ್ಪಡಿಸದೆ ಇರಿಸಿಕೊಳ್ಳುವಂಥದ್ದು ಹತ್ತಿರದಲ್ಲಿ ಎಲ್ಲಿದೆ? ಆಧಾರ್ ಕೇಳುತ್ತಾರೆಯೇ? ಸ್ವತಃ ಹೋಗಿ ನೋಡಿದವರು ದಯವಿಟ್ಟು ತಿಳಿಸಿ. ಹಣ, ಹಳೆಯ ಬಟ್ಟೆ ಸದ್ಯಕ್ಕೆ ಬೇಡ. ಅವರ ಫೋಟೊ ಕೇಳಲೇಬೇಡಿ.